ಎಂಬತ್ತೊಂದು ಪಾಯಿಂಟ್ ಮೂವತ್ತೇಳು

ಸಾರ್ವಜನಿಕರ ಗಮನಕ್ಕೆ: ಹಳೆಯ ಮೇಜು-ಕುರ್ಚಿಗಳ ವ್ಯಾಪಾರಿಯೊಬ್ಬರು ಸೋಮವಾರ ಬೆಳಿಗ್ಗೆ ಎಂಟೂ ಐವತ್ತಕ್ಕೆ ತಮ್ಮ ಕನ್ನಡಕದ ಎರಡೂ ಗಾಜುಗಳನ್ನು, ಒಳಗೂ ಹೊರಗೂ, ಒರೆಸಿಕೊಂಡರೆಂದು ತಿಳಿಸಲು ನಮಗೆ ಅತೀವ ಹೆಮ್ಮೆಯಾಗುತ್ತದೆ. ಮದುವೆಯಾದ ಮೇಲೆ ಇದು ಮೂರನೆಯ ಸಲ. ಮೊದಲ ಸಲ ಒರೆಸಿದ್ದು ಮಗಳ ಜನನಪತ್ರ ಓದಲು. ಎರಡನೆಯ ಸಲ, ಅಂಗಡಿಯ ಗೋಡೆಯ ಮೇಲೆ ಯಾರೋ ತಮ್ಮ ಬಗ್ಗೆ ಏನು ಗೀಚಿದ್ದಾರೆಂದು ನೋಡಲು. ‘ಚೌಕಾಸಿಯಪ್ಪ’ ಎಂದು ಗೀಚಿದ್ದರು. ಸುಣ್ಣ ಬಳಿದರೂ ಹೆಸರು ಹೋಗಲಿಲ್ಲ.

ಚೌಕಾಸಿಯಪ್ಪ ಜನ್ಮದಲ್ಲಿ ಯಾವುದನ್ನೂ ಹೇಳಿದ ಬೆಲೆಗೆ ಕೊಂಡವರಲ್ಲ. ಹಲ್ಲು ಕೀಳಿಸಿಕೊಳ್ಳುವಾಗ ಬಾಯಿ ತೆರೆದುಕೊಂಡೇ ಚೌಕಾಸಿ ಮಾಡಿದ್ದರು. ಅವರ ದಂಧೆಗೆ ಎರಡು ಸೂತ್ರ. ಒಂದು, ದುಂಡು ಮೊತ್ತ ಕೇಳಬಾರದು. ‘ಮುನ್ನೂರು’ ಎಂದರೆ ಜೇಬಲ್ಲಿ ಇನ್ನೂ ಇದೆ ಎಂದರ್ಥ. ‘ಇನ್ನೂರ ಎಂಬತ್ತೇಳು’ ಎಂದರೆ, ಪಾಪ, ತಡಕಾಡಿದರೂ ಇಷ್ಟೇ ಸಿಕ್ಕಿದೆ ಎಂದು ಮಾರುವವನು ಕರಗುತ್ತಾನೆ. ಎರಡು, ಬೆಲೆ ಹೇಳಿದ ಮೇಲೆ ಬೆನ್ನು ತಿರುಗಿಸಬೇಕು. ಸಾಮಾನಿನ ಕಡೆ ಇನ್ನೊಮ್ಮೆ ಕಣ್ಣು ಹಾಯಿಸಿದೆಯೋ, ಕೆಟ್ಟೆ.

ಕನ್ನಡಕ ಒರೆಸಿದ್ದಕ್ಕೆ ಕಾರಣ ಬಾಂಡ್. ಆರು ವರ್ಷ ಬಂಡೆಯ ಹಾಗೆ ಅಲ್ಲಾಡದೆ ಕೂತಿದ್ದ ಹಣ ಬಡ್ಡಿ ಸಮೇತ ಕೈಗೆ ಬಂದಿತ್ತು. ಅದನ್ನು ತೊಡಗಿಸಿದ್ದು ಹೆಂಡತಿಯ ಕೆಲಸಕ್ಕೊಂದು ಜಾಗ ಹಿಡಿಯಲು. ಆಕೆ ಹಳೆಯ ಕುರ್ಚಿಗಳಿಗೆ ಬೆತ್ತ ಹೆಣೆಯುವವರು. ಊರಲ್ಲಿ ಆ ಕೈಗೆ ಸಾಟಿ ಇನ್ನೊಂದು ಕೈಯಿಲ್ಲ. ಆದರೆ ಹೆಣೆಯುತ್ತಿದ್ದುದು ಅಂಗಡಿಯ ಎರಡು ಬೀರುಗಳ ಸಂದಿಯಲ್ಲಿ, ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು. ಹಿಂದಿನ ಶೆಡ್ಡು ಬಾಡಿಗೆಗಿತ್ತು. ಅದಕ್ಕೆ ಮೂರು ಕಿಟಕಿ, ಕಾಲು ಚಾಚುವಷ್ಟು ನೆಲ. ಶೆಡ್ಡಿನ ಮಾಲೀಕ ಅದೇ ದಿನ ನಾಲ್ಕಕ್ಕೆ ಮುಂಗಡಕ್ಕೆ ಬರುವವನಿದ್ದ. ಇವರು ಕೊಡದಿದ್ದರೆ ಶೆಡ್ಡು ಟೈರಂಗಡಿಯವನ ಪಾಲು.

ಅಷ್ಟರಲ್ಲಿ ಭಾಮೈದ ಬಂದು ಒಂದು ಬ್ಯಾಟರಿ ಕಂಪನಿಯ ಹೆಸರನ್ನು ಕಿವಿಯಲ್ಲಿ ಊದಿ ಹೋಗಿದ್ದ.

"ಒಂದೇ ತಿಂಗಳು ಕಣೇ, ಡಬಲ್ ಆಗುತ್ತಂತೆ! ಆಮೇಲೆ ಶೆಡ್ಡೇನು, ಇಡೀ ಬಿಲ್ಡಿಂಗೇ ತಗೊಳ್ಳೋಣ."

"ಯಾರು ಹೇಳಿದ್ದು?"

"ನಿನ್ನ ತಮ್ಮ."

"ಅವನು ಹೋದ ವರ್ಷ ಮೊಲ ಸಾಕಿದ್ರೂ ಡಬಲ್ ಆಗುತ್ತೆ ಅಂದಿದ್ದ."

"ಆಯ್ತಲ್ಲ ಮತ್ತೆ?"

"ಮೊಲ ಆಯ್ತು, ದುಡ್ಡು ಆಗ್ಲಿಲ್ಲ. ರೀ, ಷೇರಿಂದ ಕೈ ಸೇರೋದು ಎಷ್ಟೋ ಗೊತ್ತಿಲ್ಲ, ಕೈಲಿರೋದು ಸೋರೋದು ಮಾತ್ರ ಗ್ಯಾರಂಟಿ."

ಚೌಕಾಸಿಯಪ್ಪನ ಮುಖ ಗಾಳಿ ಹೋದ ಚೆಂಡಿನಂತಾಯಿತು. ಆಕೆಗೆ ಪಾಪ ಅನ್ನಿಸಿತು.

"ಆಯ್ತು, ಅದ್ರಲ್ಲಿ ಅರ್ಧ ನಿಮ್ಮ ಬೆವರೂ ಇದೆ. ಮಾರ್ಕೆಟ್ ಮೂರೂವರೆಗೆ ಮುಚ್ಚುತ್ತೆ ತಾನೆ? ಅಷ್ಟರೊಳಗೆ ಷೇರು ಸಿಕ್ರೆ ನಿಮ್ಮಿಷ್ಟ. ಸಿಗ್ಲಿಲ್ವೋ, ದುಡ್ಡು ಶೆಡ್ಡಿಗೆ. ಯಾರೂ ಗೊಣಗೋ ಹಾಗಿಲ್ಲ."

ಒಂಬತ್ತೂ ಹದಿನಾರಕ್ಕೆ ಮೊಬೈಲಿನಲ್ಲಿ ಬ್ಯಾಟರಿ ಷೇರಿನ ದರ ಎಂಬತ್ತನಾಲ್ಕೂವರೆ ಇತ್ತು. ಇಷ್ಟಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು ನಾವೇ ದರ ಹೇಳಿ ಕಾಯಬಹುದು ಎಂಬುದು ತಿಳಿದಾಗ ಚೌಕಾಸಿಯಪ್ಪನಿಗೆ ಷೇರುಪೇಟೆಯ ಮೇಲೆ ತವರಿನ ಪ್ರೀತಿ ಹುಟ್ಟಿತು. ಎಂಬತ್ತೊಂದು ಪಾಯಿಂಟ್ ಮೂವತ್ತೇಳು ಎಂದು ಒತ್ತಿದರು. ಅಷ್ಟೂ ಹಣಕ್ಕೆ. ಒತ್ತಿ, ಮೊಬೈಲನ್ನು ಮೇಜಿನ ಮೇಲೆ ಕವುಚಿ ಹಾಕಿದರು. ಅದು ಟಿಣ್ ಎಂದಿತು.

"ಕರೀತಿದೆ ನೋಡು. ತಿರುಗಬಾರದು," ಎಂದರು ಗಂಭೀರವಾಗಿ.

ಮಾರಾಟವಾಗದೆ ಎರಡು ವರ್ಷದಿಂದ ಅಂಗಡಿಯಲ್ಲೇ ಬಿದ್ದಿದ್ದ ಟೀವಿಯಲ್ಲಿ ದರಗಳು ಸಾಲಾಗಿ ಓಡುತ್ತಿದ್ದವು. ಚೌಕಾಸಿಯಪ್ಪ ಅದಕ್ಕೂ ಬೆನ್ನು ಹಾಕಿ ಕೂತರು. ಓದಿ ಹೇಳುವ ಕೆಲಸ ಬೀರು ಸಂದಿಯ ಹೆಂಡತಿಗೆ ಬಿತ್ತು.

"ಎಷ್ಟಂತೆ?"

"ಎಂಬತ್ತೊಂಬತ್ತು."

"ಬಿಂಕ. ಬರುತ್ತೆ ಬಿಡು."

ಹನ್ನೊಂದಕ್ಕೆ ಭಾಮೈದ ಅಂಗಡಿಯ ಫೋನಿಗೆ ಬೊಬ್ಬೆ ಹೊಡೆದ. "ಭಾವ, ತೊಂಬತ್ತು ದಾಟ್ತು! ಸ್ವಲ್ಪ ಏರಿಸಿ!"

"ಏರಿಸಿದ್ರೆ ನಮ್ಮ ಆಸೆ ಗೊತ್ತಾಗಿಬಿಡುತ್ತೆ ಕಣೋ."

"ಅಯ್ಯೋ, ಮಾರೋನು ನಿಮ್ಮ ಮುಖಾನೇ ನೋಡ್ತಿಲ್ಲ!"

"ಅದಕ್ಕೇ ನಾನೂ ಅವನ ಮುಖ ನೋಡ್ತಿಲ್ಲ."

ಮಧ್ಯಾಹ್ನ ಕಂಪನಿಯ ಲಾಭ ಕಮ್ಮಿಯಾಗಿದೆ ಎಂಬ ಸುದ್ದಿ ಬಂತು. ದರ ಮೆಟ್ಟಿಲಿಳಿಯಲು ಶುರುವಾಯಿತು. ಮೂರು ಗಂಟೆಗೆ ಎಂಬತ್ತಾರು. ಮೂರೂ ಹದಿನೈದಕ್ಕೆ ಎಂಬತ್ತಮೂರು. ಹೆಂಡತಿ ಬೆತ್ತ ಕೆಳಗಿಟ್ಟು ನೆಟ್ಟಗೆ ಕೂತರು. ಸುಳ್ಳು ಓದಿದ್ದರೂ ಗಂಡ ತಿರುಗಿ ನೋಡುತ್ತಿರಲಿಲ್ಲ.

"ಎಷ್ಟಂತೆ?"

"ಎಂಬತ್ತೊಂದು... ಇಪ್ಪತ್ತು."

"ಬಂತಾ! ನನ್ನ ರೇಟಿಗಿಂತ ಕೆಳಗೆ ಬಂತಾ!" ಚೌಕಾಸಿಯಪ್ಪ ಕುಣಿದ ರಭಸಕ್ಕೆ ಮೂರು ಕಾಲಿನ ಸ್ಟೂಲು ಮಗುಚಿತು. "ನೋಡಿದ್ಯಾ? ಇಡೀ ಷೇರುಪೇಟೆನೇ ಮಣಿಸಿದೆ!"

"ಹೂಂ. ಮಾತು ಅಂದ್ಮೇಲೆ ಮಾತು," ಎಂದ ಹೆಂಡತಿ ಬ್ಲೌಸಿನೊಳಗಿಂದ ಒಂದು ಚೀಟಿ ತೆಗೆದು ಬೆತ್ತದ ಚೂರುಗಳ ಡಬ್ಬಿಗೆ ಹಾಕಿದರು. ಶೆಡ್ಡಿನ ಯಾವ ಕಿಟಕಿಗೆ ಯಾವ ಹೊತ್ತಿನ ಬಿಸಿಲು ಎಂದು ಬರೆದಿಟ್ಟುಕೊಂಡಿದ್ದ ಚೀಟಿ. ನಂತರ ಮೊಣಕಾಲು ಮಡಚಿಕೊಂಡು ಸಂದಿಯೊಳಗೆ ಸರಿದರು. ಚೌಕಾಸಿಯಪ್ಪನಿಗೆ ಅದುವರೆಗೆ ಕಾಣದಿದ್ದ ಒಂದು ಸಂಗತಿ ಕಂಡಿತು: ಆ ಸಂದಿ ಎಷ್ಟು ಕಿರಿದು ಎಂಬುದು. ಕುಣಿತ ನಿಂತಿತು. ಗಂಟೆ ಮೂರೂವರೆ ಹೊಡೆಯಿತು.

ಭಾಮೈದ ಏದುಸಿರು ಬಿಡುತ್ತ ಬಂದು, ಕವುಚಿದ್ದ ಮೊಬೈಲನ್ನು ತಿರುಗಿಸಿ ನೋಡಿದ. ಕೆಂಪಕ್ಷರ.

"ಭಾವ, ಎಷ್ಟಕ್ಕೆ ಹಾಕಿದ್ರಿ?"

"ಎಂಬತ್ತೊಂದು ಪಾಯಿಂಟ್ ಮೂವತ್ತೇಳು."

"ಏಳಾ?"

"ಏಳು. ದುಂಡಗೆ ಕೇಳಿದ್ರೆ ಯಾರಪ್ಪ ಬಿಟ್ಟುಕೊಡ್ತಾರೆ?"

"ಭಾವ, ಇದ್ರ ರೇಟಲ್ಲಿ ಕೊನೇ ಅಂಕಿ ಸೊನ್ನೆ ಇರ್ಬೇಕು, ಇಲ್ಲಾ ಐದು. ಮೂವತ್ತೈದು ಅನ್ನಿ, ನಲವತ್ತು ಅನ್ನಿ. ಮೂವತ್ತೇಳು ಅನ್ನೋ ರೇಟೇ ಇಲ್ಲ! ಒಂಬತ್ತೂ ಹದಿನಾರಕ್ಕೇ ವಾಪಸ್ ಎಸ್ದಿದ್ದಾರೆ."

"ಹಾಗಾದ್ರೆ ಬೆಳಗ್ಗಿಂದ ನಾನು ಚೌಕಾಸಿ ಮಾಡಿದ್ದು ಯಾರ ಹತ್ರ?"

"ಯಾರ ಹತ್ರಾನೂ ಅಲ್ಲ. ನೀವು ಕ್ಯೂನಲ್ಲೇ ಇರ್ಲಿಲ್ಲ. ಹೋಗ್ಲಿ ಬಿಡಿ, ನಾಳೆ ಬೆಳಗ್ಗೆ ಮೂವತ್ತೈದಕ್ಕೆ ಹಾಕೋಣ."

ಬೀರುಗಳ ನಡುವಿನಿಂದ ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಹೊರಗೆ ಬಂತು. ಚೌಕಾಸಿಯಪ್ಪ ಬೆತ್ತದ ಡಬ್ಬಿಗೆ ಕೈ ಹಾಕಿ, ಚೀಟಿಯನ್ನು ಹುಡುಕಿ, ಊದಿ, ಹೆಂಡತಿಯ ಕೈಗಿತ್ತರು.

"ನಾಳೆ ಆಗಲ್ಲ ಕಣೋ. ದುಡ್ಡು ಖಾಲಿ."

"ಎಲ್ಲಿ ಖಾಲಿ? ಅಷ್ಟೂ ಇಲ್ಲೇ ಇದೆಯಲ್ಲ!"

"ನಾಲ್ಕು ಗಂಟೆ ಆಗ್ಲಿ ತಡಿ."