ಘಟದ ಮಣ್ಣಿನಲ್ಲಿ ಹ್ಯಾಂಡಲ್

ಕಲ್ಲುಗಳು ಮಾತಾಡುತ್ತಿದ್ದ ಕಾಲವೊಂದಿತ್ತಂತೆ. ಆ ಕಾಲದಲ್ಲಿ ಒಂದು ಕೋಟೆ, ಕೋಟೆಯ ಬೆನ್ನಿಗೆ ಒಂದು ಕೇರಿ, ಕೇರಿಯ ಕಡೇ ಮನೆಯ ಅಂಗಳದಲ್ಲಿ ಒಂದು ಕಬ್ಬಿಣದ ಕುದುರೆ. ಅದಕ್ಕೆ ಹುಲ್ಲು ಬೇಡ, ಹುರುಳಿ ಬೇಡ. ಕುಡಿಯಲು ನಾರುವ ಎಣ್ಣೆಯೇ ಬೇಕು. ಮಲಗಿತೆಂದರೆ ಕೂಗಿದರೂ ಏಳದು, ಹೊಡೆದರೂ ಏಳದು. ಅದರ ಮೂಗಿನೊಳಗೆ ಒಂದು ಡೊಂಕು ಸರಳು ತೂರಿಸಿ ತಿರುವಿದರೆ ಮಾತ್ರ ಸೀನಿ, ಮೈ ಕೊಡವಿ ಏಳುವುದು. ಆ ಸರಳನ್ನು ಒಬ್ಬ ಮುದುಕಿ ಬಚ್ಚಿಟ್ಟಳು. ಎಲ್ಲಿ? ದೇವಿಯ ಮಡಿಲಲ್ಲಿ. ಇನ್ನು ಅದನ್ನು ತೆಗೆಯುವ ಗಂಡೆದೆ ಯಾರದು?

ಕತೆಯಾಗಿದ್ದರೆ ಶೇವಂತಾಬಾಯಿ ಇಷ್ಟಕ್ಕೆ ನಿಲ್ಲಿಸಿ, ಎಲೆಗೆ ಸುಣ್ಣ ಸವರುತ್ತ, "ಉಳದದ್ದು ನಾಳಿಗಿ, ಮಲಕೋ" ಎನ್ನುತ್ತಿದ್ದಳು. ಮೊಮ್ಮಗಳು ಸುಮನಬಾಯಿ ಉಳಿದ ಅರ್ಧವನ್ನು ಕನಸಿನಲ್ಲಿ ತಾನೇ ಕಟ್ಟಿಕೊಳ್ಳುತ್ತಿದ್ದಳು. ಆದರೆ ಐವತ್ತಾರನೇ ಇಸವಿಯ ಆ ನವರಾತ್ರಿಯಲ್ಲಿ ಕುದುರೆ ನಿಜವಾಗಿಯೂ ಅಂಗಳದಲ್ಲಿತ್ತು, ಸರಳು ನಿಜವಾಗಿಯೂ ದೇವಿಯ ಮಡಿಲಲ್ಲಿತ್ತು, ಬಚ್ಚಿಟ್ಟ ಮುದುಕಿ ಶೇವಂತಾಬಾಯಿಯೇ ಆಗಿದ್ದಳು. ಇದು ಗೊತ್ತಿದ್ದವಳು ಸುಮನ ಒಬ್ಬಳೇ.

ಕುದುರೆಯೆಂದರೆ ಸುಮನಳ ಅಪ್ಪ ದಿಗಂಬರನ ಪಿಕಪ್ ಗಾಡಿ. ಯಾವುದೋ ಯುದ್ಧದಲ್ಲಿ ದುಡಿದು, ನಿಜಾಮನ ಫೌಜಿನಲ್ಲಿ ಸವೆದು, ಹೈದರಾಬಾದಿನ ಲಿಲಾವಿನಲ್ಲಿ ಗುಜರಿಯ ಬೆಲೆಗೆ ಸಿಕ್ಕಿದ್ದು. ಇಷ್ಟು ದಿನ ಅದು ತಮ್ಮೂರು ಕಲ್ಯಾಣದ ಸುತ್ತಮುತ್ತ ಸುಣ್ಣ, ಕಟ್ಟಿಗೆ ಹೊತ್ತಿತ್ತು. ಈಗ ಮಂದಿಯನ್ನು ಹೊತ್ತು ನಾಗಪುರಕ್ಕೆ ಹೋಗಬೇಕು. ದಸರೆಯ ದಿನ ಅಲ್ಲಿ ಬಾಬಾಸಾಹೇಬರು ಬುದ್ಧನ ದೀಕ್ಷೆ ತೆಗೆದುಕೊಳ್ಳುವವರಿದ್ದರು, ಬರುವವರೆಲ್ಲ ಬಿಳಿ ಅರಿವೆ ತೊಟ್ಟು ಬರಲಿ ಎಂದು ಕೇರಿಕೇರಿಗೆ ಸುದ್ದಿ ಮುಟ್ಟಿತ್ತು. ಹುಮನಾಬಾದ, ಬೀದರ, ಉದಗೀರ, ನಾಂದೇಡ. ಅಲ್ಲಿಂದಾಚೆಯ ಊರುಗಳನ್ನು ದಿಗಂಬರನೂ ನೋಡಿರಲಿಲ್ಲ.

"ಎತ್ತಿನ ಬಂಡಿ ಮುಟ್ಟೂದಿಲ್ಲ, ರೈಲಿಗಿ ರೊಕ್ಕ ಇಲ್ಲ. ನನ್ನ ಮಗನ ಗಾಡಿ ಅದ," ಎಂದು ಹುಡಗಿ ಎಂಬ ಊರಿನ ಸಭೆಯಲ್ಲಿ ಎದ್ದು ನಿಂತು ಹೇಳಿದವಳು ಶೇವಂತಾಬಾಯಿ. "ಹೊಂಡೂ ದಿನ ಹೊತ್ತು ಮುಳುಗೂದರಾಗ ಹುಮನಾಬಾದ ನಾಕಾದಾಗ ಗಾಡಿ ನಿಂತಿರತದ. ಇದು ಶೇವಂತಾನ ಮಾತು."

ಅಂದಿನಿಂದ ದಿಗಂಬರ ಗಾಡಿಯ ಕೆಳಗೇ ಸಂಸಾರ ಹೂಡಿದ್ದ. ಇಂಜಿನ್ನಿನ ಹೊಟ್ಟೆ ಬಿಚ್ಚಿ ಹೊಸ ರಿಂಗು ಹಾಕಿಸಿದ. ಗಾಲಿಯ ಮೇಲಿನ ಮುರಿದ ಸ್ಪ್ರಿಂಗ್ ಪಾಟೆಗೆ ಮಿಣಿ ಹಗ್ಗ ಸುತ್ತಿ, ಸುತ್ತಿದ ಮಿಣಿಗೆ ಡಾಂಬರು ಬಳಿದ. ಹಿಂದೆ ಮುದುಕರು ಕೂರಲು ಜಾಲಿಯ ಹಲಗೆ ಬಡಿದ. ಬೇಕಾದಾಗ ಪಾನಾ ಎತ್ತಿಕೊಡುತ್ತಿದ್ದವಳು ಸುಮನ. ಎಷ್ಟೋ ಸಲ ಅವಳ ಕಣ್ಣು ರೇಡಿಯೇಟರಿನ ಜಾಲರಿಯಲ್ಲಿ ನೆಟ್ಟು, ಅದರ ಹಿಂದೆ ಯಾವುದೋ ರಾಜಕುಮಾರಿ ಬಂದಿಯಾಗಿದ್ದಾಳೆಂದು ಕತೆ ನೇಯುತ್ತಿತ್ತು. "ಏ ಹುಡುಗಿ, ಹದಿನಾಕರ ಪಾನಾ ಕೇಳೀನಿ, ಸುತ್ತಗಿ ಕೊಡತೀಯಲ್ಲ!" ಎಂದು ಕೆಳಗಿನಿಂದ ಕೂಗು ಬರುತ್ತಿತ್ತು.

ಹೊರಡುವ ಹಿಂದಿನ ದಿನ ಇಂಜಿನ್ನು ಎಬ್ಬಿಸುವ ಸೆಲ್ಫ್ ಸುಟ್ಟುಹೋಯಿತು. ಕೀಲಿ ತಿರುವಿದಾಗ ಕಟ್ ಎಂದಿತು, ಹೊಗೆ ಬಂತು, ಮುಗಿಯಿತು. ಅದನ್ನು ಸೊಲ್ಲಾಪುರಕ್ಕೆ ಕಳಿಸಬೇಕು, ದಸರೆ ಕಳೆದ ಮೇಲೆಯೇ ಬರುವುದೆಂದರು ಮಿಸ್ತ್ರಿಗಳು. ದಿಗಂಬರ ನಕ್ಕುಬಿಟ್ಟ. "ಸೆಲ್ಫ್ ಹೋದ್ರ ಹೋಗಲಿ. ತಿರುವೂ ಹ್ಯಾಂಡಲ್ ಅದ ಅಲ್ಲ?"

ಆ ಮಾತು ಕೇಳಿದ ಕೂಡಲೇ ಸುಮನ ಒಲೆಯ ಕಡೆ ತಿರುಗಿ ನೋಡಿದಳು.

ಹ್ಯಾಂಡಲ್ ಒಲೆಯ ಹಿಂದಿನ ಮೂಲೆಯಲ್ಲಿ, ಹಳೇ ಸೀರೆಯ ಪರದೆಯ ಆಚೆ, ಶೇವಂತಾಬಾಯಿ ದೇವಿಗೆಂದು ಹಾಕಿದ್ದ ಘಟದಲ್ಲಿತ್ತು. ದೊಡ್ಡ ಬುಟ್ಟಿಯ ತುಂಬ ಹೊಲದ ಮಣ್ಣು, ನಡುವೆ ನೀರಿನ ಗಡಿಗೆ, ಸುತ್ತಲೂ ಬಿತ್ತಿದ ಗೋಧಿ, ಜೋಳ. ದಸರೆಯವರೆಗೆ ದೀಪ ಆರಬಾರದು, ಘಟ ಅಲುಗಬಾರದು. ಮನೆಯವರು ದುಡಿಯುವ ಕಬ್ಬಿಣವೊಂದನ್ನು ಆ ಮಣ್ಣಿನಲ್ಲಿ ಹುಗಿದಿಡುವುದು ಅವರ ಮನೆಯ ವಾಡಿಕೆ. ಗಂಡನಿದ್ದಾಗ ಕೊಡಲಿ ಇಡುತ್ತಿದ್ದಳು.

"ನಾಗಪುರಕ್ಕ ಹೋಗಿ ದೇವರ್ನ ಬಿಡಾಕಿ, ಈಗ ಘಟ ಯಾಕ ಹಾಕ್ತಿ ಯವ್ವಾ?" ಎಂದು ದಿಗಂಬರ ಕೇಳಿದ್ದ.

"ಬಿಡಾಕತ್ತೀನಂತನ ಹಾಕಾಕತ್ತೀನಿ. ಇಷ್ಟ ವರ್ಷ ಮನಿಗಿ ಬಂದು ಹೋದಾಕಿ. ಕಡೀ ಸಲ ಉಣಸದ ಕಳಸಲೇನು? ನಾವು ಹೋದ ಮ್ಯಾಲ ಎದರ ಮನಿ ಕಸ್ತೂರಿಬಾಯಿ ದೀಪ ನೋಡ್ತಾಳ."

"ಹಾಕು. ನನ್ನ ಹತಾರಕ್ಕ ಮಾತ್ರ ಕುಂಕುಮ ಹಚ್ಚಬ್ಯಾಡ."

ಆಕೆ ಕೇಳಲಿಲ್ಲ. ಸೀಟಿನ ಕೆಳಗಿದ್ದ ಹ್ಯಾಂಡಲನ್ನು ಎತ್ತಿ ತಂದು, "ಸೆಲ್ಫ್ ಇರೂ ಗಾಡಿಗಿ ಈ ಡೊಂಕ ಸರಳ ಯಾತಕ್ಕ? ಸುಮ್ನ ಬಿದ್ದಿರತದ," ಎಂದು ಮಣ್ಣಿನಲ್ಲಿ ಹುಗಿದಳು. ಬುಟ್ಟಿಗೆ ಹಿಡಿಸದೆ ಹೊರಗೆ ಇಣುಕಿದ ಹಿಡಿಗೆ ಹಸಿರು ಕುಪ್ಪಸದ ಖಣ ಮುಚ್ಚಿದಳು. ಸುಮನಳ ಕೈ ಹಿಡಿದು ತನ್ನ ನೆತ್ತಿಯ ಮೇಲೆ ಇರಿಸಿಕೊಂಡಳು. "ನಿಮ್ಮಪ್ಪಗ ಹೇಳಿದೆಂದ್ರ ನನ್ನ ಹೆಣ ನೋಡ್ತಿ."

ಆ ಆಣೆಗೆ ಒಂದು ಹಿಂದಿನ ಕತೆಯಿತ್ತು. ಒಂದು ನವರಾತ್ರಿ ಪಕ್ಕದ ಮನೆಯ ಮುನ್ನಿ ಬೀಯ ಮೇಕೆ ಒಳಗೆ ನುಗ್ಗಿ ಮೊಳಕೆ ಮೇದು ಘಟ ಉರುಳಿಸಿತ್ತು. ಆ ಚಳಿಗಾಲದಲ್ಲೇ ಶೇವಂತಾಬಾಯಿಯ ಹಿರಿಮಗ ಜ್ವರದಲ್ಲಿ ಹೋದ. ಉಳಿದವನು ದಿಗಂಬರ ಒಬ್ಬನೇ. ಇಂದಿಗೂ ಆ ಮೇಕೆಯ ಸಂತತಿ ಅಂಗಳಕ್ಕೆ ಬಂದರೆ ಆಕೆಯ ಕೈ ಕೋಲಿಗೆ ಹೋಗುತ್ತಿತ್ತು.

ಹೊರಡುವ ದಿನ ಬೆಳಗಾಯಿತು. ದಿಗಂಬರ ಸೀಟು ಕಿತ್ತು ನೋಡಿದ, ಗಾಡಿಯ ಹಿಂದೆ ನೋಡಿದ, ಬಣವೆಯಲ್ಲಿ ನೋಡಿದ. ಹ್ಯಾಂಡಲ್ ಇಲ್ಲ. ರಾತ್ರಿ ಮಳೆ ಬಿದ್ದು ಎರೆಮಣ್ಣು ಹಸಿಯಾಗಿತ್ತು. ಕೇರಿಯ ಗಂಡಸರೆಲ್ಲ ಸೇರಿ ನೂಕಿದರು. ಗಾಲಿ ಉರುಳದೆ ಮಣ್ಣನ್ನು ಉತ್ತುತ್ತ ಜಾರಿತು, ಹೊಸ ರಿಂಗಿನ ಇಂಜಿನ್ನು ಬಿಗಿದ ಹಲ್ಲು ಬಿಡಲಿಲ್ಲ.

ಅಷ್ಟರಲ್ಲಿ ಹುಡಗಿ ಊರಿನ ಹಿರಿಯ ದೇವಿಂದ್ರಪ್ಪ ಸೈಕಲ್ ತುಳಿದುಕೊಂಡು ಬಂದ. ನೆತ್ತಿಯ ಮೇಲೆ ಬಿಸಿಲು ಬಂದಿತ್ತು.

"ಏನೋ ದಿಗಂಬರ, ಇದು ಗಾಡಿಯೋ ಕೋಳಿಗೂಡೋ? ಒಳಗ ಹ್ಯಾಟಿ ಕಾವಿಗಿ ಕುಂತಂಗದ!"

"ನಗಬ್ಯಾಡ್ರಿ ಕಾಕಾ. ಹ್ಯಾಂಡಲ್ ಸಿಗವಲ್ದು."

ದೇವಿಂದ್ರಪ್ಪನ ನಗು ಅಲ್ಲೇ ಆರಿತು. ಶೇವಂತಾಬಾಯಿಯ ಕಡೆ ತಿರುಗಿದ. "ಶೇವಂತಕ್ಕಾ, ನಮ್ಮೂರ ಮಂದಿ, ಕೊಡಂಬಲದ ಮಂದಿ ಗಂಟು ಕಟಗೊಂಡು ನಾಕಾದಾಗ ಕುಂತಾರ. ನಮ್ಮೂರ ಗೌಡರ ಆಳೂ ಅಲ್ಲೇ ಕುಂತಾನ. ಗಾಡಿ ಬರಂಗಿಲ್ಲ, ಸಂಜೀಕ ಹೊಳ್ಳಿ ಬಂದವರಿಗಿ ನಾಳಿ ಕೂಲಿ ಅದ, ಬರದವರಿಗಿ ಇನ್ನ ಮ್ಯಾಲ ಇಲ್ಲ ಅಂತ ಒದರಾಕತ್ಯಾನ. ಹೊತ್ತು ಮುಳುಗೂ ತನಕ ನಾ ಹಿಡಿದು ಕುಂದ್ರಸ್ತೀನಿ. ಆಮ್ಯಾಲ ಯಾರೂ ಕುಂದ್ರೂದಿಲ್ಲ. ನಿನ್ನ ಮಾತಿನ ಮ್ಯಾಲ ಬಂದಾರವ್ವಾ."

ಶೇವಂತಾಬಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ದೇವಿಂದ್ರಪ್ಪ ಸೈಕಲ್ ಹತ್ತಿ ಹೊರಟುಹೋದ.

ಸುಮನ ಆಯಿಯ, ತನ್ನ ಅಜ್ಜಿಯ, ಹಿಂದೆಯೇ ಒಳಗೆ ನಡೆದಳು. ಪರದೆಯಾಚೆ ದೀಪ ಮಿಣುಕುತ್ತಿತ್ತು. ಮೊಳಕೆಗಳು ಬೆರಳುದ್ದ ಎದ್ದು, ಬೆಳಕಿಲ್ಲದ ಮೂಲೆಯಲ್ಲಿ ಹಳದಿಯಾಗಿ ನಿಂತಿದ್ದವು.

"ಆಯಿ," ಸುಮನ ಪಿಸುಗುಟ್ಟಿದಳು, "ತಗೀಲೇನ?"

"ಮುಟ್ಟಿದರ ಕೈ ಮುರೀತೀನಿ!" ಆಕೆ ಬುಟ್ಟಿಗೆ ಅಡ್ಡ ನಿಂತಳು. "ಒಮ್ಮಿ ಘಟ ಅಲುಗಿದ್ದಕ್ಕ ಒಬ್ಬವ ಹೋದ. ಗಾಡಿ ನಡಸಾಂವ ಯಾರು? ನನ್ನ ಮಗ. ಅಷ್ಟು ದೂರದ ದಾರಿ, ಹೊಳಿ, ಘಾಟು... ಆಕಿ ಸಿಟ್ಟ ಅಂವನ ಮ್ಯಾಲ ಬಿದ್ರ?"

"ಮತ್ತ ಮಂದಿ?"

"ನಿಮ್ಮಪ್ಪ ಏನರ ದಾರಿ ಹುಡುಕ್ತಾನ. ಶಾಣ್ಯಾ ಅದಾನ."

ಹುಡುಕಿದ್ದ. ಕಮ್ಮಾರನ ಕುಲುಮೆಗೆ ಓಡಿ, ಒಂದು ಸರಳನ್ನು ಕಾಯಿಸಿ ಬಗ್ಗಿಸಿ, ತುದಿಗೆ ಅಡ್ಡ ಮೊಳೆ ಬಡಿಸಿಕೊಂಡು ಬಂದ. ಬಿಸಿಲು ಬೇವಿನ ಮರದ ಪಡುವಣಕ್ಕೆ ಸರಿದಿತ್ತು. ಕಬ್ಬಿಣ ಇನ್ನೂ ಬೆಚ್ಚಗಿತ್ತು.

"ಅಳತಿ ಬರೋಬರ ಇಲ್ಲ ಭಯ್ಯಾ," ಎಂದಳು ಗೋಡೆಯಾಚೆಯಿಂದ ಮುನ್ನಿ ಬೀ. "ನನ್ನ ಗಂಡ ಲಾರಿ ಕ್ಲೀನರ್ ಇದ್ದ. ಹಿಂಗ ಅಡ್ಡಾದಿಡ್ಡಿ ಸರಳ ಹಾಕಿ ಒಬ್ಬನ ದೌಡಿ ಮುರಿದಿದ್ದು ನಾ ನೋಡೀನಿ."

"ದೌಡಿ ಮುರದ್ರ ಗಂಜಿ ಕುಡೀತೀನಿ, ಸರೀರಿ."

ಆಣೆಯಿಟ್ಟ ಸುಮನಳ ಕೈ ಉರಿಯುತ್ತಿತ್ತು. ಅಪ್ಪ ಸರಳು ತೂರಿಸಿ ಒಂದು ಸಲ ಎತ್ತಿದ, ಇಂಜಿನ್ನು ಬುಸ್ಸೆಂದಿತು. ಎರಡನೇ ಸಲ ಎತ್ತಿದ. ಒಳಗೆ ಏನೋ ಢಮ್ಮೆಂದಿತು. ಇಂಜಿನ್ನು ಹಿಂದಕ್ಕೆ ಒದೆಯಿತು. ಸರಳು ಹಲ್ಲು ತಪ್ಪಿ ಗಿರ್ರನೆ ತಿರುಗಿ ಅವನ ಮಣಿಕಟ್ಟಿಗೆ ಬಡಿದು, ಹಾರಿ ಹಣೆಗೆ ತಾಗಿ, ಅಂಗಳದ ಆಚೆ ಹೋಗಿ ಬಿತ್ತು. ದಿಗಂಬರ ಮಂಡಿಯೂರಿ ಕುಸಿದ. ಹುಬ್ಬಿನಿಂದ ಇಳಿದ ರಕ್ತ ಕಣ್ಣು ಮುಚ್ಚಿಸಿತು.

"ಯಾ ಅಲ್ಲಾ!" ಎಂದು ಮುನ್ನಿ ಬೀ ನೀರಿನ ಚರಿಗೆ ಹಿಡಿದು ಓಡಿಬಂದಳು.

ಹೊಸ್ತಿಲಲ್ಲಿ ನಿಂತ ಶೇವಂತಾಬಾಯಿಯ ಮುಖ ಬೂದಿಯಾಗಿತ್ತು. ಘಟ ಅಲುಗಿರಲಿಲ್ಲ. ದೀಪ ಆರಿರಲಿಲ್ಲ. ಆದರೂ ಮಗನ ನೆತ್ತರು ನೆಲಕ್ಕೆ ಬಿದ್ದಿತ್ತು.

ದಿಗಂಬರ ಎದ್ದ. ಎಡಗೈಯಿಂದ ಕಣ್ಣು ಒರೆಸಿಕೊಂಡ. "ಸುಮನ, ಆ ಸರಳ ತಾ. ಇನ್ನೊಂದ ಸಲ ನೋಡ್ತೀನಿ."

ಸುಮನ ಕದಲಲಿಲ್ಲ. ಆಯಿಯನ್ನೇ ನೋಡಿದಳು. ಆ ನೋಟದಲ್ಲಿ ಇದ್ದದ್ದು ಒಂದೇ, ಪ್ರತಿ ರಾತ್ರಿ ಕತೆ ನಿಂತಾಗ ಕೇಳುತ್ತಿದ್ದ ಪ್ರಶ್ನೆ: ಮುಂದ?

"ಅದನ್ನ ತರಬ್ಯಾಡ," ಎಂದಳು ಶೇವಂತಾಬಾಯಿ. "ದಿಗಂಬರಾ, ನಿಂದ್ರು. ನಿನ್ನ ಹ್ಯಾಂಡಲ್ ನನ್ನ ಹಂತ್ಯಾಕ ಅದ."

ಅವನು ಅರ್ಥವಾಗದೆ ತಾಯಿಯನ್ನು ನೋಡಿದ. ಆಮೇಲೆ ಅರ್ಥವಾಯಿತು. "ಮುಂಜಾನಿಂದ ಹುಡುಕಾಕತ್ತೀನಿ, ಯವ್ವಾ! ಇಡೀ ಕೇರಿ ಕೆಸರಾಗ ಬಿದ್ದು ನೂಕೇದ!"

"ಬೈಯೂದು ನಾಂದೇಡ ದಾಟಿದ ಮ್ಯಾಲ ಬೈ. ಭಾಳ ದಾರಿ ಅದ, ಬೇಕಾದಷ್ಟ ಬೈಬಹುದು."

ಆಕೆ ಒಳಗೆ ಹೋದಳು. ಪರದೆ ಸರಿಸಿದಳು. ಸುಮನ ಬುಟ್ಟಿಗೆ ಕೈ ಹಾಕಲು ಬಗ್ಗಿದರೆ ತಡೆದಳು. "ಬ್ಯಾಡ. ಇಟ್ಟಾಕಿ ನಾನು, ತಗ್ಯಾಕಿನೂ ನಾನ. ಏನರ ಬಂದ್ರ ನನಗ ಬರಲಿ." ನೆಲಕ್ಕೆ ಕೂತು, ಪಕ್ಕದ ಮನೆಯವಳ ಜೊತೆ ಮಾತಾಡುವಂತೆ ಗಡಿಗೆಯಲ್ಲಿನ ದೇವಿಯೊಂದಿಗೆ ಮಾತಾಡಿದಳು. "ಏಳವ್ವಾ ಅಂಬಾಬಾಯಿ. ದಸರಾಕ್ಕ ಇನ್ನ ನಾಕ ದಿನ ಅದ, ಗೊತ್ತದ ನನಗ. ಅದಕ್ಕೂ ಮೊದಲ ಎಬ್ಬಸಾಕತ್ತೀನಿ. ಮಂದಿಗಿ ಮಾತ ಕೊಟ್ಟೀನಿ. ಮಾತ ತಪ್ಪಿದಾಕಿ ಮನಿಯಾಗ ನೀ ಹ್ಯಾಂಗ ಉಣತಿ? ಹೋಗಿ ಬಾ ಅನ್ನಂಗಿಲ್ಲ ಈ ಸಲ. ಹೋಗು. ಸುಖವಾಗಿರು."

ದೀಪವನ್ನು ಊದಲಿಲ್ಲ; ಬತ್ತಿಯನ್ನು ಎಣ್ಣೆಗೆ ಇಳಿಸಿದಳು. ಗಡಿಗೆಯನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕೆ ಇಟ್ಟಳು. ಮನೆ ಕುಸಿಯಲಿಲ್ಲ. ಮಣ್ಣಿಗೆ ಬೆರಳು ಹಾಕಿ ಎಳೆದಾಗ ಹ್ಯಾಂಡಲಿನ ಜೊತೆಗೆ ಬೇರಿನ ಜಾಲವೂ ಎದ್ದು ಬಂತು. ಬಿಳಿ ಬೇರುಗಳು ಕಬ್ಬಿಣದ ಹಲ್ಲುಗಳ ಸಂದಿಯಲ್ಲೆಲ್ಲ ಹೊಕ್ಕಿದ್ದವು. ಒಂದೊಂದನ್ನೇ ಬಿಡಿಸಿದಳು.

ಹಸಿರು ಖಣವನ್ನು ಪರ್ರನೆ ಹರಿದು ಮಗನ ಹಣೆಗೆ ಕಟ್ಟಿದಳು. ಅವನು ಈಗ ಬೇಡ ಎನ್ನಲಿಲ್ಲ. ಮಣಿಕಟ್ಟು ಬಾತಿತ್ತು, ಸ್ಟೇರಿಂಗ್ ಹಿಡಿಯಬಲ್ಲ, ಹ್ಯಾಂಡಲ್ ಎತ್ತಲಾರ.

"ನಾ ಎತ್ತತೀನಿ," ಎಂದಳು ಸುಮನ.

"ನೀನೇನು?" ದಿಗಂಬರ ಅವಳನ್ನು ಹೊಸದಾಗಿ ಕಂಡವನಂತೆ ನೋಡಿದ. ಪಡುವಣಕ್ಕೆ ಒಮ್ಮೆ ಕಣ್ಣು ಹಾಯಿಸಿದ. "ಬಾ. ಹೆಬ್ಬಟ್ಟು ಸುತ್ತಬ್ಯಾಡ, ಉಳಿದ ಬೆರಳಿನ ಕಡೀಗೇ ಇರಲಿ. ಒದ್ದರ ಕೈ ಬಿಟ್ಟು ಬರಬೇಕು. ಕೆಳಗ ಒತ್ತಬ್ಯಾಡ, ಕೆಳಗಿಂದ ಮ್ಯಾಲಕ್ಕ ಎಳಿ. ಬಾವ್ಯಾಗಿಂದ ಕೊಡ ಎಳದಂಗ."

ಅವನು ಒಳಗೆ ಕೂತು ಕೀಲಿ ತಿರುವಿ ಪೆಡಲಿನ ಮೇಲೆ ಕಾಲಿಟ್ಟ. ಸುಮನ ಹ್ಯಾಂಡಲನ್ನು ಜಾಲರಿಯ ಕೆಳಗಿನ ತೂತಿಗೆ ತೂರಿಸಿದಳು. ಕಟಕ್ ಎಂದು ಹಲ್ಲಿಗೆ ಹಲ್ಲು ಕೂತಿತು. ಆ ಹೊತ್ತಿಗೆ ಅವಳ ತಲೆಯಲ್ಲಿ ಕುದುರೆಯೂ ಇರಲಿಲ್ಲ, ರಾಜಕುಮಾರಿಯೂ ಇರಲಿಲ್ಲ. ಬೆರಳುಗಳಿದ್ದವು, ತಣ್ಣನೆಯ ಕಬ್ಬಿಣವಿತ್ತು. ಎಳೆದಳು. ಬುಸ್. ಮತ್ತೆ ಎಳೆದಳು. ಇಂಜಿನ್ನು ಹಿಂದಕ್ಕೆ ಒದೆಯಿತು, ಹಿಡಿ ಅಂಗೈಯಿಂದ ಜಾರಿತು, ಆದರೆ ಬೆರಳು ಉಳಿಯಿತು.

"ಹೊತ್ತು ಕೋಟಿ ಗ್ವಾಡಿ ಮ್ಯಾಲ ಬಂತು," ಎಂದು ಯಾರೋ ಅಂದರು.

ಸುಮನ ಕಾಲು ಅಗಲಿಸಿ ನಿಂತಳು, ಉಸಿರು ಹಿಡಿದಳು, ಬೆನ್ನಿನಿಂದಲೇ ಎಳೆದಳು. ಗಾಡಿ ಒಮ್ಮೆ ಸೀನಿತು. ಕೆಮ್ಮಿತು. ಆಮೇಲೆ ಇಡೀ ಮೈ ಗಡಗಡ ನಡುಗಿಸಿ ಎದ್ದಿತು. ಒಳಗಿದ್ದ ಕೋಳಿ ಕಿಟಕಿಯಿಂದ ಹಾರಿತು.

ಮಂದಿ ಗಾಲಿಯ ಕೆಳಗೆ ಗೋಣಿಚೀಲ ಹಾಸಿದರು. ಗಾಡಿ ತನ್ನದೇ ಬಲದಿಂದ ಕೆಸರು ಕಿತ್ತುಕೊಂಡು ದಾರಿಗೆ ಬಂತು. ನೀರಿನ ಪೀಪಾಯಿ, ಜೋಳದ ರೊಟ್ಟಿಯ ಗಂಟು, ಎಣ್ಣೆಯ ಡಬ್ಬಿ ಮೇಲೇರಿದವು. ಕೇರಿಯವರೂ ಏರಿದರು. ಶೇವಂತಾಬಾಯಿ ಕಡೆಗೆ ಹೊರಬಂದಳು, ಕೈಯಲ್ಲಿ ಘಟದ ಬುಟ್ಟಿ. ನೇರ ಗೋಡೆಯ ಬಳಿ ಹೋಗಿ ಅದನ್ನು ಮುನ್ನಿ ಬೀಯ ಕೈಗಿತ್ತಳು.

"ಇದೇನು ಆಪಾ?"

"ನಿನ್ನ ಮೇಕಿಗಿ ಹಾಕು. ಅವತ್ತು ಅದರವ್ವನ್ನ ಅರ್ಧ ಊಟದಾಗ ಎಬ್ಬಿಸಿದ್ದೆ, ಪಾಪ."

ಮುನ್ನಿ ಬೀ ಬುಟ್ಟಿಯನ್ನು ಎದೆಗವಚಿಕೊಂಡು, ಬಾಯಿಗೆ ಸೆರಗು ಒತ್ತಿಕೊಂಡು ನಿಂತುಬಿಟ್ಟಳು.

ಹುಮನಾಬಾದಿನ ದಾರಿಯಲ್ಲಿ ಸೂರ್ಯ ಬೆನ್ನಿಗಿದ್ದ, ಗಾಡಿಯ ನೆರಳು ಮುಂದೆ ಓಡುತ್ತ ಉದ್ದವಾಗುತ್ತ ಹೋಯಿತು. ಪ್ರತಿ ತಗ್ಗಿಗೂ ಮಿಣಿ ಸುತ್ತಿದ ಪಾಟೆ ನರಳಿತು, ಪ್ರತಿ ಏರಿಗೂ ದಿಗಂಬರ ಹಲ್ಲು ಕಚ್ಚಿದ. ಶೇವಂತಾಬಾಯಿ ಮಗನ ಮುಖವನ್ನು ನೋಡಲಿಲ್ಲ, ಅವನ ಬಾತ ಕೈಯನ್ನೇ ನೋಡುತ್ತಿದ್ದಳು. ಹ್ಯಾಂಡಲ್ ಆಕೆಯ ತೊಡೆಯ ಮೇಲಿತ್ತು.

ನಾಕಾದ ಬಳಿ ಮಂದಿ ಎದ್ದು ನಿಂತಿದ್ದರು. ಗಂಟುಗಳು ತಲೆಯ ಮೇಲೇರಿದ್ದವು, ಕೆಲವರು ಆಗಲೇ ಹೊಲದ ದಾರಿಗೆ ಮುಖ ಮಾಡಿದ್ದರು. ದೇವಿಂದ್ರಪ್ಪ ಸೈಕಲನ್ನು ಅವರ ದಾರಿಗೆ ಅಡ್ಡ ಹಿಡಿದು ನಿಂತಿದ್ದ. ಸದ್ದು ಕೇಳಿ ಮೊದಲು ತಿರುಗಿದವಳು ಒಬ್ಬ ಬಾಣಂತಿ. ಆಕೆ ಗಂಟನ್ನು ಕೆಳಗಿಟ್ಟಳು.

ಗಾಡಿ ನಿಂತಿತು. ದಿಗಂಬರ ಇಂಜಿನ್ ಬಂದ್ ಮಾಡಲು ಹೆದರಿ ಕೀಲಿಯ ಮೇಲೆ ಕೈಯಿಟ್ಟು ಕೂತ.

"ಬಂದ್ ಮಾಡು," ಎಂದಳು ಶೇವಂತಾಬಾಯಿ. "ಮುದುಕರು ಹಗೂರ ಹತ್ತಲಿ. ಎಬ್ಬಸಾಕ ನಮ್ಮ ಹುಡುಗಿ ಅದಾಳ."

ಸದ್ದು ಅಡಗಿತು. ಆಕೆ ಹ್ಯಾಂಡಲನ್ನು ಸುಮನಳ ಕೈಗೆ ಕೊಟ್ಟು, ಬಾಗಿಲು ತೆಗೆದು, ದಾರಿಯ ಮೇಲೆ ಕಾಲಿಟ್ಟಳು. ಕಲ್ಯಾಣದ ದಿಕ್ಕಿನಲ್ಲಿ ಸೂರ್ಯನ ಒಂದಂಚು ಇನ್ನೂ ಕೆಂಪಗೆ ಉಳಿದಿತ್ತು.

"ಹತ್ರಿ," ಎಂದಳು.