ಬಕೆಟ್ ಮಾಡಿದ್ದು ನಾನು

ಬಕೆಟ್ ಮಾಡಿದ್ದು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಶನಿವಾರ ಮನೆಯಲ್ಲೇ ಬಿಯರ್ ಮಾಡುವ ನಮ್ಮ ಸಂಘದ ಕರಿಹಲಗೆಯ ಮೇಲೆ ಇದ್ದದ್ದು ನನ್ನ ಸೋದರಮಾವ ಕ್ಲೈವನ ಹೆಸರು.

ಸಂಘದಲ್ಲಿ ಹೊಸ ಸಲಕರಣೆ ಮಾಡಿದವರ ಹೆಸರು ಹಲಗೆಗೆ ಏರುತ್ತದೆ. ಕ್ರಿಸ್‌ಮಸ್ಸಿಗೆ ಎಲ್ಲರೂ ಕುಡಿಯುವ ಕಪ್ಪು ಬಿಯರನ್ನು ಆ ವರ್ಷ ಅವರೇ ಕಾಯಿಸಬೇಕು. ನನಗೆ ಬೇಕಾಗಿದ್ದು ಅದೊಂದೇ.

ಬಿಯರಿಗೆ ಬಾರ್ಲಿಯ ರಸ ಕುದಿಸುವ ಕರೆಂಟ್ ಹಂಡೆಯನ್ನು ಅಂಗಡಿಯಲ್ಲಿ ಕೊಳ್ಳಲು ನನ್ನ ತಿಂಗಳ ಸಂಬಳ ಸಾಲದು. ಮೀನು ಕರಿಯುವ ಅಂಗಡಿಯಲ್ಲಿ ಆಲೂಗಡ್ಡೆ ಸುಲಿಯುವವಳು ನಾನು. ಬ್ರಾಡ್‌ಫರ್ಡಿನ ಮಾರ್ಕೆಟ್ಟಿನಲ್ಲಿ ಆರಾರು ಪೌಂಡಿನ ಎರಡು ಕರೆಂಟ್ ಕೆಟಲ್ ಕೊಂಡು, ಬಿಚ್ಚಿ, ನೀರು ಕಾಯಿಸುವ ಕಾಯಿಲ್‌ಗಳನ್ನು ತೆಗೆದೆ. ದಪ್ಪ ಪ್ಲಾಸ್ಟಿಕ್ ಬಕೆಟ್ಟಿನ ಬುಡದಲ್ಲಿ ಎರಡು ತೂತು ಕೊರೆದು, ಕಾಯಿಲ್‌ಗಳನ್ನು ವಾಷರ್ ಹಾಕಿ ಬಿಗಿದೆ. ಸೋರಿತು. ಮತ್ತೆ ಬಿಗಿದೆ, ಮತ್ತೆ ಸೋರಿತು. ಕೊನೆಗೆ ಉಗುರು ಉಜ್ಜುವ ಅರದಿಂದ ತೂತಿನ ಅಂಚು ನಯ ಮಾಡಿದ ಮೇಲೆ ನಿಂತಿತು. ಮಾವ ಅಷ್ಟು ದಿನ ಮಾಡಿದ ಕೆಲಸವೆಂದರೆ ನಾನು ಕೂತು ಕೊರೆಯುತ್ತಿದ್ದ ತನ್ನ ಗ್ಯಾರೇಜಿನ ಬೀಗ ತೆಗೆದುಕೊಟ್ಟದ್ದು.

ಒಂದೊಂದು ಕಾಯಿಲ್‌ಗೂ ಬೇರೆ ಬೇರೆ ಲೈನಿನ ಸಾಕೆಟ್ ಬೇಕು; ಎರಡೂ ಒಂದೇ ವೈರಿಗೆ ಬಿದ್ದರೆ ಅದು ಕಾದು ಕರಗುತ್ತದೆ. ಹಾಗೆಂದು ಚೀಟಿ ಬರೆದು ಬಕೆಟ್ಟಿಗೆ ಅಂಟಿಸಿದ್ದೆ. ನೋಡಲು ಚೆನ್ನಾಗಿಲ್ಲ ಎಂದು ಮಾವ ಅದನ್ನು ಕಿತ್ತುಹಾಕಿದ; ಬಕೆಟ್ ತನ್ನದೇ ಎಂದು ಹೇಳಿ ಹಲಗೆಯ ಮೇಲೆ ಹೆಸರೂ ಬರೆಸಿದ.

ಶನಿವಾರ ಚರ್ಚಿನ ಹಾಲ್‌ನಲ್ಲಿ, ಬಾರ್ಲಿಯ ರಸ ತುಂಬಿದ ಬಕೆಟ್ಟಿನ ಸುತ್ತ ಇಪ್ಪತ್ತು ಗಂಡಸರು ನಿಂತಿದ್ದರು. ಕಾರ್ಯದರ್ಶಿ ವಿಲ್ಫ್ರೆಡ್ ಬಗ್ಗಿ ನೋಡಿದರು. "ಭಾರಿ ನೀಟಾಗಿದೆ ಕ್ಲೈವ್. ಹೆಂಗಯ್ಯಾ ಮಾಡ್ದೆ?"

"ಕೈ ಪಳಗಿರಬೇಕು ಅಷ್ಟೇ," ಎಂದ ಮಾವ, ಎರಡೂ ಪ್ಲಗ್ಗನ್ನು ಒಂದೇ ಎಕ್ಸ್‌ಟೆನ್ಷನ್ನಿಗೆ ಚುಚ್ಚುತ್ತ. ಅದರ ವೈರನ್ನು ಸುರುಳಿಯಿಂದ ಬಿಚ್ಚಿಯೂ ಇರಲಿಲ್ಲ; ಸುತ್ತಿಟ್ಟ ವೈರು ಇನ್ನೂ ಬೇಗ ಕಾಯುತ್ತದೆ.

"ಮಾವ, ಆ ವೈರು..."

"ಕರ್ಸ್ಟಿ, ಎಲ್ಲರಿಗೂ ಟೀ ಇಡು ಹೋಗು ಪುಟ್ಟಿ."

ಎಲ್ಲರೂ ನಕ್ಕರು. ಅಡುಗೆಕೋಣೆಗೆ ಹೋದೆ, ಕೆಟಲ್ ಮುಟ್ಟದೆ ಹಾಲ್ ಕಡೆಗಿನ ಕಿಟಕಿಯಿಂದ ಆ ಸುರುಳಿಯನ್ನೇ ನೋಡುತ್ತ ನಿಂತೆ. ಹತ್ತು ನಿಮಿಷಕ್ಕೆ ಹೊಗೆ ಬಂತು. ವಿಲ್ಫ್ರೆಡ್ ಓಡಿಹೋಗಿ ಮೇನ್ ಆರಿಸಿದರು. ವೈರು ಕರಗಿ ಮುದ್ದೆಯಾಗಿತ್ತು.

"ವೈರಿಂಗ್ ನಮ್ಮ ಹುಡುಗೀದು," ಎಂದ ಮಾವ. "ಬೇಡ ಅಂದೆ, ಕೇಳಲಿಲ್ಲ. ಸ್ಕೂಲು ಬಿಟ್ಟೋಳಿಗೆ ಏನ್ ತಿಳಿಯತ್ತೆ?"

ಅಡುಗೆಕೋಣೆಯಿಂದ ಹೊರಗೆ ಬಂದೆ.

"ಬಕೆಟ್ ನಿಂದು, ವೈರಿಂಗ್ ಮಾತ್ರ ನಂದಾ ಮಾವ? ಮೊದಲ ಸಲ ನೀರು ತುಂಬಿದಾಗ ಏನಾಯ್ತು, ಇವರಿಗೆ ಹೇಳು."

"ಏನಾಗತ್ತೆ? ತುಂಬ್ತು."

"ಸೋರಲಿಲ್ವಾ?"

"ನಾನ್ ಮಾಡಿದ್ದು ಯಾಕೆ ಸೋರತ್ತೆ?"

ಹಿಂದಿನಿಂದ ಯಾರೋ ಕಿಸಕ್ಕೆಂದರು. "ಮೊದಲ ಸಲಕ್ಕೇ ಸೋರದ ಬಕೆಟ್ಟಾ? ನನ್ನವು ನಾಲ್ಕು ಸೋರಿದಾವಪ್ಪ." ಇನ್ನೊಬ್ಬರು, "ನನ್ನದು ಈಗಲೂ ಸೋರತ್ತೆ," ಎಂದರು. ಮಾವ ಬಕೆಟ್ಟನ್ನು ನೋಡಿದ. ಅದು ಅವನಿಗೆ ಏನೂ ಹೇಳಿಕೊಡಲಿಲ್ಲ.

ಸುಟ್ಟ ವೈರನ್ನು ಕಿತ್ತೆಸೆದೆ. ಒಂದು ಪ್ಲಗ್ಗನ್ನು ಹಾಲ್‌ನ ಗೋಡೆಯ ಸಾಕೆಟ್ಟಿಗೆ ಹಾಕಿದೆ. ಇನ್ನೊಂದಕ್ಕೆ ನನ್ನ ಚೀಲದಲ್ಲಿದ್ದ ವೈರನ್ನು ಪೂರ್ತಿ ಬಿಚ್ಚಿ ಅಡುಗೆಕೋಣೆಯ ಲೈನಿನಿಂದ ಎಳೆದೆ. ಮೇನ್ ಹಾಕಿಸಿದೆ. ಅರ್ಧ ಗಂಟೆಯಲ್ಲಿ ಬಾರ್ಲಿಯ ರಸ ಕೊತಕೊತ ಕುದಿಯಿತು.

ವಿಲ್ಫ್ರೆಡ್ ಸೀಮೆಸುಣ್ಣ ಹಿಡಿದು ತಲೆ ಕೆರೆದುಕೊಂಡರು. "ಇಬ್ಬರ ಹೆಸರೂ ಇರಲಿ ಬಿಡಮ್ಮ. ಮನೆಯವರೇ ತಾನೇ."

"ಬೀಗ ತೆಗೆದೋರ ಹೆಸರು ಯಾವತ್ತಾದ್ರೂ ಹಲಗೆ ಮೇಲೆ ಬರೆದಿದೀರಾ?"

ಅವರ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡೆ. ಕ್ಲೈವ್ ಎಂಬುದನ್ನು ತೋಳಿನಿಂದ ಒರೆಸಿ ನನ್ನ ಹೆಸರು ಬರೆದೆ. ಅಕ್ಷರ ಸೊಟ್ಟಗಾದವು; ತಿದ್ದಲಿಲ್ಲ.

"ಆಯ್ತಲ್ಲ," ಎಂದ ಮಾವ ಮುಖ ಊದಿಸಿಕೊಂಡು. "ಈಗಲಾದ್ರೂ ಟೀ ಇಡ್ತೀಯಾ?"

"ಕೆಟಲ್ ಅಲ್ಲೇ ಇದೆ ಮಾವ. ಅದಕ್ಕೆ ಒಂದೇ ಪ್ಲಗ್ಗು."