ಎಡಗಡೆಯ ಬಾಗಿಲು

ಡ್ರಾಯಿಂಗ್ ಸರಿಯಿದ್ದರೆ ಎಲ್ಲವೂ ಸರಿ ಎಂಬುದು ಅನಂತರಾಜುವಿನ ನಂಬಿಕೆ. ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿ ಮೂವತ್ತೆರಡು ವರ್ಷ ಗೆರೆ ಎಳೆದು ನಿವೃತ್ತನಾದವನು ಈಗ ವಿದ್ಯಾರಣ್ಯಪುರದ ಮನೆಯ ಮಹಡಿ ಕೋಣೆಯಲ್ಲಿ ಬಸ್ಸು ಮಾಡುತ್ತಿದ್ದ. ಹತ್ತಿ ಕೂರುವ ಬಸ್ಸಲ್ಲ. ಗೇಣಿಗಿಂತ ಒಂದಿಷ್ಟು ಉದ್ದದ ಹಿತ್ತಾಳೆ ಬಸ್ಸು, ನಿಜವಾದದ್ದರ ನಲವತ್ಮೂರರಲ್ಲಿ ಒಂದು ಪಾಲು. ಅದೂ ನಮ್ಮೂರಿನದಲ್ಲ, ಕೆನಡಾ ದೇಶದ ಹಳೇ ಟ್ರಾಲಿಬಸ್ಸು. ನೆತ್ತಿಯ ಮೇಲೆ ಎರಡು ಉದ್ದ ಕೋಲು, ಕೋಲಿಗೆ ಕರೆಂಟು ಕೊಡಲು ರಸ್ತೆಯುದ್ದಕ್ಕೂ ಎರಡು ತಂತಿ, ಕೆಳಗೆ ಮಾಮೂಲಿ ರಬ್ಬರ್ ಗಾಲಿ. ಹಳಿಯೂ ಬೇಡ, ಡೀಸೆಲ್ಲೂ ಬೇಡ.

ಈ ಹುಚ್ಚು ಅವನಿಗೆ ಹತ್ತಿದ್ದು ಇಂಟರ್‌ನೆಟ್ಟಿನಿಂದ. ಮಹಾಯುದ್ಧದಲ್ಲಿ ಯುದ್ಧವಿಮಾನ ಮಾಡುತ್ತಿದ್ದ ಫೋರ್ಟ್ ವಿಲಿಯಮ್ ಎಂಬ ಊರಿನ ಕಾರ್ಖಾನೆ, ಯುದ್ಧ ಮುಗಿದ ಮೇಲೆ ಟ್ರಾಲಿಬಸ್ಸು ಮಾಡಲು ನಿಂತಿತು ಎಂದು ಓದಿದ್ದೇ ತಡ, ಕಾರ್ಖಾನೆಯಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನ ಮನಸ್ಸು ಅಲ್ಲಿಗೇ ಅಂಟಿಕೊಂಡಿತು. ಟೊರಾಂಟೊ, ವಿನ್ನಿಪೆಗ್, ಎಡ್ಮಂಟನ್ ಎಲ್ಲ ಕಡೆ ಅವು ಓಡಿದವು. ಆಮೇಲೆ ಒಂದೊಂದೇ ಊರು ತಂತಿ ಬಿಚ್ಚಿ ಬಸ್ಸನ್ನು ಗುಜರಿಗೆ ಹಾಕಿತು, ವ್ಯಾಂಕೂವರ್ ಮಾತ್ರ ಇವತ್ತಿಗೂ ಟ್ರಾಲಿಬಸ್ಸು ಓಡಿಸುತ್ತಿದೆ. ಇಷ್ಟನ್ನೂ ಅವನು ಹೆಂಡತಿ ನಾಗಲಕ್ಷ್ಮಿಗೆ, ನೆಂಟರಿಗೆ, ಕೊನೆಗೆ ಗ್ಯಾಸ್ ಸಿಲಿಂಡರ್ ತಂದವನಿಗೂ ಹೇಳಿ ಮುಗಿಸಿದ್ದ. ಪೂರ್ತಿ ಕೇಳಿಸಿಕೊಂಡವನು ಗಯಾಸ್ ಒಬ್ಬನೇ.

ಗಯಾಸ್ ಅದೇ ಕಾರ್ಖಾನೆಯ ಶೀಟ್ ಮೆಟಲ್ ವಿಭಾಗದಲ್ಲಿದ್ದವನು. ಅನಂತರಾಜುವಿಗಿಂತ ಎರಡು ವರ್ಷ ಚಿಕ್ಕವನು, ಮನೆ ಗಂಗಾನಗರದಲ್ಲಿ. ಕೂದಲೆಳೆಯಷ್ಟು ತೆಳ್ಳಗಿನ ಹಿತ್ತಾಳೆ ತಂತಿಯಿಂದ ಕಿಟಕಿ ಚೌಕಟ್ಟು ಕೂರಿಸುತ್ತಿದ್ದ. ಒಬ್ಬ ಗೆರೆ ಎಳೆಯುವವನು, ಇನ್ನೊಬ್ಬ ಲೋಹ ಬಗ್ಗಿಸುವವನು. ಇಬ್ಬರೂ ವಾರಕ್ಕೆ ನಾಲ್ಕು ದಿನ ಮಹಡಿ ಕೋಣೆಯಲ್ಲಿ ಕೂತು ಸುಖವಾಗಿದ್ದರು.

ಹೀಗಿರುವಾಗ ಅಂತರ್ಜಾಲದಲ್ಲಿ ಇವರ ಕೆಲಸ ನೋಡಿ ವಿನ್ನಿಪೆಗ್‌ನ ಐರೀನ್ ಎಂಬ ಎಂಬತ್ತು ದಾಟಿದ ಅಜ್ಜಿ ಆರು ಬಸ್ಸು ಕೇಳಿದರು. ಅವರ ಅಪ್ಪ ಆ ಊರಿನಲ್ಲಿ ಟ್ರಾಲಿಬಸ್ಸಿನ ಡ್ರೈವರ್ ಆಗಿದ್ದವರು. ಮೊದಲನೆಯ ಬಸ್ಸು ಅಪ್ಪನ ಬಸ್ಸಿನಂತೆಯೇ ಇರಬೇಕು, ಅದು ಒಪ್ಪಿಗೆಯಾದರೆ ಉಳಿದ ಐದು. ಅಜ್ಜಿ ಕಳಿಸಿದ್ದು ಒಂದೇ ಫೋಟೊ, ಎದುರಿನಿಂದ ತೆಗೆದದ್ದು. ಅನಂತರಾಜು ಬಾಗಿಲನ್ನು ಎಡಗಡೆಗೆ, ಡ್ರೈವರನನ್ನು ಬಲಗಡೆಗೆ ಹಾಕಿ ಡ್ರಾಯಿಂಗ್ ಮುಗಿಸಿದ. ಅರವತ್ತು ವರ್ಷ ಬೆಂಗಳೂರಿನಲ್ಲಿ ಎಡಗಡೆಯಿಂದಲೇ ಬಸ್ಸು ಹತ್ತಿದವನ ಕೈ ತಾನಾಗಿ ಅತ್ತ ಹೋಯಿತು. ಆ ದೇಶದಲ್ಲಿ ರಸ್ತೆಯ ಬಲಗಡೆ ಓಡಿಸುತ್ತಾರೆ, ಬಾಗಿಲೂ ಬಲಕ್ಕೇ ಎಂಬುದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದದ್ದು ಗೆರೆ ಎಳೆಯುವಾಗ ನೆನಪಿಗೆ ಬರಲಿಲ್ಲ, ಅಷ್ಟೆ.

ಗಯಾಸ್ ಮಾತ್ರ ಫೋಟೊ ನೋಡಿ ಅನುಮಾನಪಟ್ಟ. ಬಸ್ಸು ನಮ್ಮ ಕಡೆ ಮುಖ ಮಾಡಿ ನಿಂತಿದೆ, ಡ್ರೈವರ್ ನಮ್ಮ ಬಲಕ್ಕೆ ಕಂಡರೆ ಬಸ್ಸಿಗೆ ಅದು ಎಡ ಅಲ್ಲವೇ ಎಂದು, ತಾನೇ ಬಸ್ಸಿನ ಹಾಗೆ ತಿರುಗಿ ನಿಂತು ಎಡಗೈ ಎತ್ತಿ ತೋರಿಸಿದ. ಅನಂತರಾಜು ನಕ್ಕುಬಿಟ್ಟ. "ಡ್ರಾಯಿಂಗ್‌ನಲ್ಲಿ ಏನಿದೆಯೋ ಅದನ್ನ ಮಾಡಿ ಗಯಾಸ್ ಭಾಯ್," ಎಂದ. ಕಾರ್ಖಾನೆಯಲ್ಲಿ ಡ್ರಾಯಿಂಗ್ ಮೀರುವ ಪದ್ಧತಿ ಇರಲಿಲ್ಲ. ಗಯಾಸ್ ಎಡಗಡೆಗೇ ಎರಡು ಬಾಗಿಲು ಕೊರೆದ.

ಬಸ್ಸು ಹೋಗಿ ಮುಟ್ಟಿ, ಎಲ್ಲ ಚೆನ್ನಾಗಿದೆ ಆದರೆ ಬಾಗಿಲು ತಪ್ಪು ಕಡೆಗಿದೆ ಎಂದು ಅಜ್ಜಿಯ ಮೇಲ್ ಬಂತು. ಮೂವತ್ತೆರಡು ವರ್ಷದ ಡ್ರಾಫ್ಟ್ಸ್‌ಮನ್ ಬಸ್ಸಿನ ಎಡಬಲ ತಪ್ಪಿದ ಎಂದು ಯಾವ ಬಾಯಲ್ಲಿ ಹೇಳುವುದು? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಡ್ರಾಯಿಂಗ್ ಸರಿಯಾಗಿತ್ತು, ನಮ್ಮ ಲೋಹದ ಕೆಲಸದ ಗಯಾಸ್ ತಿರುಗಿಸಿ ಕೊರೆದಿದ್ದಾನೆ ಎಂದು ಅನಂತರಾಜು ಅಜ್ಜಿಗೆ ಇಂಗ್ಲಿಷಿನಲ್ಲಿ ಬರೆದ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಪಾಪ, ವಯಸ್ಸಾಗಿದೆ, ಕಣ್ಣು ಮೊದಲಿನ ಹಾಗಿಲ್ಲ ಎಂದೂ ಸೇರಿಸಿದ. ಬರೆಯುವಾಗ ಗಯಾಸ್ ಎದುರಿಗೇ ಕೂತು ಐರೀನ್ ಅಜ್ಜಿ ಏನಂದರು ಎಂದು ಕೇಳಿದ. ತುಂಬ ಖುಷಿಯಾಗಿದ್ದಾರೆ, ಉಳಿದ ಐದಕ್ಕೆ ಬಾಗಿಲು ಮಾತ್ರ ಬಲಕ್ಕಿರಲಿ ಅಂದರು ಎಂದು ಅನಂತರಾಜು ಹೇಳಿದ. ಗಯಾಸ್, ನಾನು ಆವತ್ತೇ ಹೇಳಿದ್ದೆ ಎನ್ನಲಿಲ್ಲ. ಅಂದಿದ್ದರೆ ಅನಂತರಾಜುವಿಗೆ ಎಷ್ಟೋ ಹಗುರಾಗುತ್ತಿತ್ತು.

ಇದಾಗಿ ಎರಡು ತಿಂಗಳ ಮೇಲೆ, ಒಂದು ಮಂಗಳವಾರ ಹನ್ನೊಂದು ಗಂಟೆಗೆ ಪೋಸ್ಟ್‌ಮ್ಯಾನ್ ಕೆನಡಾದ ಲಕೋಟೆಯೊಂದನ್ನು ತಂದ. ಬಾಗಿಲಿಗೆ ಹೋದವನು ಗಯಾಸ್. ಉರ್ದು ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವನಾದರೂ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗುರುತು ಹಿಡಿಯಬಲ್ಲ. ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ. "ರಾಜಣ್ಣ, ನನ್ ಹೆಸರಿಗೆ ಬಂದಿದೆ ಕಣ್ರೀ. ಕೈಬರಹ. ಏನ್ ಬರೆದಿದ್ದಾರೆ ಓದಿ ಹೇಳಿ."

ಅನಂತರಾಜು ಕಾಗದ ಬಿಡಿಸಿ ಮನಸ್ಸಿನಲ್ಲೇ ಓದಿಕೊಂಡ. ಪ್ರಿಯ ಗಯಾಸ್ ಅವರಿಗೆ, ಬಾಗಿಲು ತಪ್ಪಿದ್ದಕ್ಕೆ ನೀವು ಬೇಸರ ಮಾಡಿಕೊಳ್ಳಬೇಡಿ. ನನ್ನ ಅಪ್ಪನ ಬಸ್ಸಿನ ಕೋಲು ಎಷ್ಟೋ ಸಲ ತಂತಿ ತಪ್ಪುತ್ತಿತ್ತು, ಅವರು ಮಂಜಿನಲ್ಲಿ ಇಳಿದು ಕೋಲಿಗೆ ಕಟ್ಟಿದ ಹಗ್ಗ ಹಿಡಿದೆಳೆದು ಮತ್ತೆ ಕೂರಿಸುತ್ತಿದ್ದರು, ಒಳಗೆ ಕೂತ ಯಾರೂ ಅವರನ್ನು ಬೈದದ್ದು ನಾನು ನೋಡಿಲ್ಲ. ನಿಮ್ಮ ಕಣ್ಣಿನ ವಿಷಯ ಅನಂತರಾಜು ತಿಳಿಸಿದ್ದಾರೆ. ನಿಮ್ಮನ್ನು ಕೆಲಸದಿಂದ ಬಿಡಿಸಬೇಡಿ ಎಂದು ಅವರಿಗೆ ಹೇಳಿದ್ದೇನೆ.

ಗಯಾಸ್ ಅವನ ಬಾಯನ್ನೇ ನೋಡುತ್ತಿದ್ದ. ಅನಂತರಾಜು, ನಿಮ್ಮ ಕೈಕೆಲಸ ನೋಡಿ ಅಪ್ಪನ ನೆನಪಾಯಿತಂತೆ, ಅವರೂ ನಿಮ್ಮ ಹಾಗೆ ಕಷ್ಟಜೀವಿಯಂತೆ, ನಿಮ್ಮಂಥ ಕುಶಲಕರ್ಮಿ ಈ ಕಾಲದಲ್ಲಿ ಸಿಗುವುದಿಲ್ಲವಂತೆ ಎಂದು ಒಂದೊಂದಾಗಿ ಹೆಣೆದ. ಒಂದು ಸುಳ್ಳು ಮುಚ್ಚಲು ಇನ್ನೊಂದು, ನೋಡಿ, ಎಷ್ಟು ಸಲೀಸಾಗಿ ಬಂತು. ಗಯಾಸ್‌ನ ಕಣ್ಣಲ್ಲಿ ನೀರಾಡಿತು. ಕಾಗದವನ್ನು ಇಸಿದುಕೊಂಡು ಮಡಿಸಿ ಜೇಬಿಗಿಟ್ಟ. "ಫರ್ಹೀನ್‌ಗೆ ತೋರಿಸ್ತೀನಿ. ಮಕ್ಳಿಗೆ ಇಂಗ್ಲಿಷ್ ಹೇಳ್ಕೊಡೋಳು, ಅವಳಿಗೂ ಗೊತ್ತಾಗ್ಲಿ ಅಪ್ಪನ ಕೈ ಎಂಥದ್ದು ಅಂತ," ಎಂದು, ಇವತ್ತು ಕೆಲಸ ಸಾಕೆಂದು ಹೊರಟೇಹೋದ.

ಫರ್ಹೀನ್ ಗಯಾಸ್‌ನ ಮಗಳು, ಶಾಲೆಯಲ್ಲಿ ಟೀಚರ್. ನಾಲ್ಕಕ್ಕೆ ಮನೆಗೆ ಬರುತ್ತಾಳೆ. ಇದು ಅನಂತರಾಜುವಿಗೆ ಹೊಳೆದದ್ದು ಊಟಕ್ಕೆ ಕೂತಾಗ. ಹುಳಿಯನ್ನ ಕಲಸಿದ್ದೇ ಕಲಸಿದ್ದು, ತುತ್ತು ಬಾಯಿಗೆ ಹೋಗಲಿಲ್ಲ. ನಾಗಲಕ್ಷ್ಮಿ ಏನಾಯಿತೆಂದು ಮೂರು ಸಲ ಕೇಳಿದಳು. ಕೊನೆಗೆ ಅವಳಿಗೆ ಎಲ್ಲ ಹೇಳಿದ. ಬೈಯುತ್ತಾಳೆಂದು ಕಾದ. ಅವಳು ತಟ್ಟೆ ಎತ್ತಿಕೊಂಡು, "ಆ ಮನುಷ್ಯ ನಿಮ್ಗೆ ಆಪರೇಷನ್ ಆದಾಗ ಮೂರು ರಾತ್ರಿ ಆಸ್ಪತ್ರೇಲಿ ಕೂತಿದ್ರು," ಎಂದಷ್ಟೇ ಹೇಳಿ ಒಳಗೆ ಹೋದಳು.

ಮೂರು ಗಂಟೆಗೆ ಅನಂತರಾಜು ಸ್ಕೂಟರ್ ತೆಗೆದ. ಫರ್ಹೀನ್ ಬರುವ ಮೊದಲೇ ಹೋಗಿ ತಾನೇ ಹೇಳಿಬಿಡಬೇಕು, ಬೇರೆಯವರ ಬಾಯಿಂದ ಅವನು ಕೇಳಬಾರದು. ಇಷ್ಟೇ ಅವನ ಮನಸ್ಸಿನಲ್ಲಿದ್ದದ್ದು. ಬಿಇಎಲ್ ಸರ್ಕಲ್ ದಾಟುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಹೆಬ್ಬಾಳದ ಫ್ಲೈಓವರ್ ಕೆಳಗೆ ವಾಹನಗಳು ಅಲುಗಾಡಲಿಲ್ಲ. ಗಂಗಾನಗರ ಮುಟ್ಟಿದಾಗ ನಾಲ್ಕೂವರೆ. ಬಾಗಿಲ ಹೊರಗೆ ಫರ್ಹೀನಳ ಚಪ್ಪಲಿ ಇತ್ತು.

ಗಯಾಸ್ ಮಂಚದ ಮೇಲೆ ಕೂತಿದ್ದ. ಕಾಗದ ಟೀಪಾಯಿಯ ಮೇಲಿತ್ತು, ಪಕ್ಕದಲ್ಲಿ ಫರ್ಹೀನ್ ಬರೆದ ಇನ್ನೊಂದು ಹಾಳೆ. "ಬನ್ನಿ ಸಾರ್, ಕೂತ್ಕೊಳ್ಳಿ," ಎಂದ ಗಯಾಸ್. ಫರ್ಹೀನ್ ಅನಂತರಾಜುವಿಗೆ ಮುಖ ಕೊಡದೆ ಹಾಳೆಯನ್ನು ಅವನತ್ತ ಸರಿಸಿದಳು. ಅದು ಐರೀನ್ ಅಜ್ಜಿಗೆ ಬರೆದ ಉತ್ತರ. ತಪ್ಪು ನನ್ನದೇ, ನನ್ನ ಕಣ್ಣು ಮಂಜಾಗಿದೆ, ಉಳಿದ ಐದನ್ನು ಜೋಪಾನವಾಗಿ ಮಾಡಿಕೊಡುತ್ತೇನೆ. ಕೆಳಗೆ ಗಯಾಸ್‌ನ ಸಹಿ.

ಯಾಕೆ ಹೀಗೆ ಬರೆಸಿದಿರಿ ಎಂದು ಅನಂತರಾಜು ಕೇಳಿದ.

"ಆಯಮ್ಮ ನನ್ನನ್ನ ಕ್ಷಮಿಸಿ ಆಗಿದೆ," ಎಂದ ಗಯಾಸ್. "ನಿಮ್ಮನ್ನ ಕ್ಷಮಿಸ್ತಾರೋ ಇಲ್ವೋ ಗೊತ್ತಿಲ್ಲ. ಡ್ರಾಯಿಂಗ್ ಹಾಕೋರೇ ತಪ್ಪಿದ್ದು ಅಂತ ಗೊತ್ತಾದ್ರೆ ಉಳಿದ ಐದು ಬಸ್ ಬೇಡ ಅಂತಾರೆ. ನಂಗೆ ಆ ಕೆಲ್ಸ ಬೇಕು. ಮನೇಲಿ ಸುಮ್ನೆ ಕೂತ್ರೆ ನಾನು ಸತ್ತೋಗ್ತೀನಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅನಂತರಾಜುವಿಗೆ ತಡೆದುಕೊಳ್ಳಲಾಗಲಿಲ್ಲ. ನಾಚಿಕೆಯಿಂದ ಕುಗ್ಗಿಹೋದ. ಆ ಹಾಳೆಯನ್ನು ಎತ್ತಿಕೊಂಡು ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡ. ಫರ್ಹೀನಳ ಹತ್ತಿರ ಇನ್ನೊಂದು ಹಾಳೆ ಕೇಳಿ ಟೀಪಾಯಿಯ ಮುಂದೆ ನೆಲದ ಮೇಲೇ ಕೂತ. ಬಾಗಿಲನ್ನು ಎಡಕ್ಕೆ ಹಾಕಿದ್ದು ನಾನು. ಗಯಾಸ್ ಅದು ತಪ್ಪೆಂದು ಎಚ್ಚರಿಸಿದ್ದ. ನಾನು ನಕ್ಕು ಅವನ ಬಾಯಿ ಮುಚ್ಚಿಸಿದೆ. ಅವನ ಕಣ್ಣಿಗೆ ಏನೂ ಆಗಿಲ್ಲ, ನಾನು ಸುಳ್ಳು ಬರೆದೆ. ಐದು ಬಸ್ಸು ಬೇಡವೆಂದರೆ ಅದು ನನಗೆ ತಕ್ಕದ್ದು, ಆದರೆ ಅವನ ಕೈಯ ಕೆಲಸವನ್ನು ಮಾತ್ರ ಬಿಡಬೇಡಿ. ಇಂಗ್ಲಿಷಿನಲ್ಲಿ ಐದಾರು ಸಾಲು ಬರೆಯುವುದರಲ್ಲಿ ಅವನ ಕೈ ಎರಡು ಸಲ ನಿಂತಿತು.

"ಓದಿ ಹೇಳ್ತೀನಿ ಗಯಾಸ್ ಭಾಯ್. ಕೇಳಿ," ಎಂದ.

ಗಯಾಸ್ ಮಗಳಿಗೆ ಕಣ್ಸನ್ನೆ ಮಾಡಿದ. ಅವಳು ಎದ್ದು ಬಂದು ಅನಂತರಾಜುವಿನ ಹಿಂದೆ, ಹಾಳೆ ಕಾಣುವ ಹಾಗೆ ನಿಂತಳು. ಅವನು ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳುತ್ತ ಹೋದ. ಪ್ರತಿ ಸಾಲು ಮುಗಿದಾಗಲೂ ಗಯಾಸ್ ಅವನ ಮುಖ ನೋಡಲಿಲ್ಲ, ಮಗಳ ಮುಖ ನೋಡಿದ. ಅವಳು ಹೌದೆಂದು ತಲೆಯಾಡಿಸಿದ ಮೇಲೆಯೇ, "ಮುಂದಕ್ಕೆ ಓದಿ," ಎಂದ.